ಬಾಗಿಲ ಪಕ್ಕದ ಕೋಣೆ

"ಏಯ್ ಮುಂಡೇದೆ, ಗೆರೆ ತುಳೀತಿದೀಯ. ಕಣ್ಣು ಎಲ್ಲಿಟ್ಕೊಂಡಿದೀಯ, ಅಂಡಲ್ಲಾ?"

ತಲೆಯ ಮೇಲಿನ ಮಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದೇ ಸಿಡುಕಕ್ಕ ಕಾಲ ಕೆಳಗೆ ನೋಡಿದಳು. ಹೌದು, ಬೆಳಗ್ಗೆ ಮೇಸ್ತ್ರಿ ಹುರಿ ಕಟ್ಟಿ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆ ಅವಳ ಹಿಮ್ಮಡಿಯಡಿ ಅಳಿಸಿಹೋಗಿತ್ತು. ಹಾಸಿಗೆ ಕಾರ್ಖಾನೆಯ ಯಜಮಾನ ಕೊಡೆಯ ನೆರಳಲ್ಲಿ ನಿಂತು ಬೈಯುತ್ತಲೇ ಇದ್ದ. ಕೊಡೆ ಹಿಡಿದಿದ್ದವನು ಗೇಟಿನ ಕಾವಲುಗಾರ. ನೆರಳೆಲ್ಲ ಯಜಮಾನನಿಗೆ, ಬಿಸಿಲೆಲ್ಲ ಅವನ ಬೋಳುತಲೆಗೆ.

"ಅಳಿಸಿದ್ರೆ ಮತ್ತೆ ಎಳೀಬಹುದು ಬಿಡಿ ಯಜಮಾನ್ರೇ, ಸುಣ್ಣದ ಪುಡಿ ತಾನೆ," ಎಂದಳು.

"ನಿಮ್ಮಪ್ಪ ತಂದಿದ್ನಾ ಸುಣ್ಣ? ಬಾಯಿ ನೋಡು ಬಾಯಿ."

ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕಾರ್ಖಾನೆಯ ಹೆಂಗಸರೆಲ್ಲ ಅವಳನ್ನು ಸಿಡುಕಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಇಷ್ಟು ಸಿಡುಕಿಯೂ ಒಬ್ಬ ಬಡ್ಡಿಮಗನೂ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲವಲ್ಲ, ಬೇಸರ ಅದು.

ಬುಟ್ಟಿ ಸುರಿದು ಬಂದು ಅವಳು ಗೆರೆಗಳ ಉದ್ದಕ್ಕೂ ಕಣ್ಣು ಹಾಯಿಸಿದಳು. ಹೋದ ವರ್ಷ ಸುಟ್ಟುಹೋದ ಶೆಡ್ಡು ಇದ್ದ ಜಾಗವೇ ಇದು. ಸುಟ್ಟ ತಗಡು, ಕರಗಿ ಮುದ್ದೆಯಾದ ಸ್ಪಾಂಜು, ಹೊಲಿಗೆ ಯಂತ್ರಗಳ ಕಪ್ಪು ಅಸ್ಥಿಪಂಜರ, ಎಲ್ಲವನ್ನೂ ಹೊತ್ತು ಸಾಗಿಸಿದ್ದು ಇವೇ ಹೆಂಗಸರು. ಹಾಸಿಗೆಗೆ ಗಿರಾಕಿ ಬಂದ ದಿನ ಅಂಗಳದ ಮೂಲೆಯ ತಗಡಿನ ಚಪ್ಪರದಲ್ಲಿ ಕೂತು ಹೊಲಿಯುತ್ತಿದ್ದರು, ಬರದ ದಿನ ಮಣ್ಣು ಹೊರುತ್ತಿದ್ದರು. ಹೊರುವುದಿಲ್ಲ ಎಂದವಳು ಮಾರನೆಯ ದಿನ ಬರಬೇಕಾಗಿರಲಿಲ್ಲ.

ಇಷ್ಟು ದಿನ ಬರೀ ಮಣ್ಣು. ಇವತ್ತು ಗೆರೆ ಬಿದ್ದಿದ್ದರಿಂದ ಎಲ್ಲೆಲ್ಲಿ ಏನು ಬರುತ್ತದೆಂದು ಕಣ್ಣಿಗೆ ಕಾಣುತ್ತಿತ್ತು. ಇಗೋ ಹಜಾರ, ಅದರ ಸುತ್ತ ನಾಲ್ಕು ಗೋಡೆ. ಅಗೋ ಗೇಟಿನ ಕಡೆ ಮುಖ ಮಾಡಿದ ಬಾಗಿಲು, ಅದೊಂದೇ. ಆ ಬಾಗಿಲಿಗೆ ಅಂಟಿಕೊಂಡೇ ಇನ್ನೊಂದು ಸಣ್ಣ ಚೌಕ.

"ಮೇಸ್ತ್ರಿ ಅಣ್ಣ, ಇದೇನು ಈ ಕೋಣೆ?"

ಹುರಿ ಸುತ್ತುತ್ತಿದ್ದ ಮೇಸ್ತ್ರಿ ತಲೆ ಎತ್ತಲಿಲ್ಲ. "ಸಲ್ಯೂಷನ್ ರೂಮು."

ಸಲ್ಯೂಷನ್ ಎಂದರೆ ಸ್ಪಾಂಜಿಗೆ ಸ್ಪಾಂಜು ಅಂಟಿಸುವ ಹಳದಿ ಅಂಟು. ಪೆಟ್ರೋಲಿನ ಹಾಗೆ ನಾರುತ್ತದೆ, ಪೆಟ್ರೋಲಿನ ಹಾಗೇ ಹೊತ್ತಿಕೊಳ್ಳುತ್ತದೆ. ಹಳೆಯ ಶೆಡ್ಡಿನಲ್ಲೂ ಅದರ ಪೀಪಾಯಿಗಳನ್ನು ಬಾಗಿಲ ಪಕ್ಕದ ಕೋಣೆಯಲ್ಲೇ ಇಟ್ಟಿದ್ದರು. ಅಲ್ಲೇ ಸ್ವಿಚ್ಚಿನಿಂದ ಕಿಡಿ ಹಾರಿದ್ದು. ಇದ್ದೊಂದು ದಾರಿಯನ್ನು ಬೆಂಕಿಯೇ ಹಿಡಿದು ಕೂತಿತ್ತು. ಏಳು ಹೆಂಗಸರು ಹೊರಗೆ ಬರಲಿಲ್ಲ. ಅವರಲ್ಲಿ ಒಬ್ಬಳು ಸಿಡುಕಕ್ಕನ ತಂಗಿ.

ಬುಟ್ಟಿ ಕೆಳಗಿಟ್ಟು ಅವಳು ಸೀದಾ ಕೊಡೆಯ ಹತ್ತಿರ ಹೋದಳು.

"ಯಜಮಾನ್ರೇ, ಸಲ್ಯೂಷನ್ ರೂಮನ್ನ ಮತ್ತೆ ಬಾಗಿಲ ಹತ್ರಾನೇ ಇಡ್ತಿದೀರಲ್ಲ."

"ಏನೀಗ?"

"ಹೋದ್ಸಲ ಅಲ್ಲೇ ಇದ್ದಿದ್ದಕ್ಕೆ ತಾನೆ ಏಳು ಜನ ಹೋಗಿದ್ದು. ಆ ಕಡೆ ಅಂಗಳದ ಕೊನೇಲಿ ಕಟ್ಟಿಸಿ. ಇನ್ನೂ ಗೆರೆ ತಾನೆ. ಈಗಾದ್ರೆ ಗುಡಿಸಿ ಬೇರೆ ಕಡೆ ಎಳೆದ್ರಾಯ್ತು. ಪಾಯ ಬಿದ್ಮೇಲೆ ಯಾರು ಕೀಳ್ತಾರೆ?"

ಯಜಮಾನ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ಕಾವಲುಗಾರನ ಕಡೆ ತಿರುಗಿ ನಕ್ಕ. "ನೋಡೋ, ಇಂಜಿನಿಯರಮ್ಮ ಬಂದವ್ಳೆ." ನಗು ಅಲ್ಲಿಗೇ ನಿಂತಿತು. "ಕೇಳಿಲ್ಲಿ. ಪೀಪಾಯಿ ಇಳಿಸೋದು ಗೇಟಿಂದ. ಪೀಪಾಯೀನೂ ಕಾಯ್ಬೇಕು, ನಿಮ್ಮಂಥ ಕಳ್ಳಿಯರನ್ನೂ ಕಾಯ್ಬೇಕು. ಒಂದೇ ಬಾಗಿಲು, ಒಂದೇ ಕಣ್ಣು. ಆ ಕೊನೇಲಿ ಇಟ್ರೆ ಕಾಯೋಕೆ ಇನ್ನೊಬ್ಬನ್ನ ನಿಮ್ಮಪ್ಪನ ಮನೆಯಿಂದ ಕರ್ಕೊಂಡ್ ಬರ್ತೀಯಾ?"

"ಜೀವ ಹೋಗುತ್ತೆ ಅಂತ ಹೇಳ್ತಿದೀನಿ ಯಜಮಾನ್ರೇ."

"ಜೀವ ಹೋಗುತ್ತೆ ಅಂದ್ರೆ ಮನೇಲಿ ಇರು. ಯಾವ ಬೋಳಿಮಗ ಕರೆದಿದ್ದ ನಿನ್ನ? ನಿನ್ನ ಬಾಯಿಗೇ ಸಲ್ಯೂಷನ್ ಹಚ್ಬೇಕು ಮೊದಲು. ಹೋಗ್, ಬುಟ್ಟಿ ಎತ್ತು."

ಬುಟ್ಟಿ ಎತ್ತಿದಳು. ಎತ್ತದೆ ಇನ್ನೇನು ಮಾಡುತ್ತಾಳೆ? ಮಣ್ಣು ಸುರಿಯುವ ತನಕ ಹಲ್ಲು ಕಡಿದದ್ದಕ್ಕೆ ದವಡೆ ನೋಯುತ್ತಿತ್ತು.

*

ಮಧ್ಯಾಹ್ನ ಯಜಮಾನನ ಕಾರು ಹೋದ ಮೇಲೆ ಅವಳು ಕಟ್ಟಡದ ನಕ್ಷೆ ಬರೆದ ಇಂಜಿನಿಯರನನ್ನು ಹಿಡಿದಳು. ತೆಳ್ಳನೆಯ ಮನುಷ್ಯ, ಎರಡು ಮಕ್ಕಳ ತಂದೆ, ಹೆಂಗಸರನ್ನು "ಏನಮ್ಮ" ಎಂದು ಮಾತಾಡಿಸುತ್ತಿದ್ದವನು ಆ ಅಂಗಳದಲ್ಲಿ ಅವನೊಬ್ಬನೇ. ಟಾರ್ಪಾಲಿನಡಿ ಊಟದ ಡಬ್ಬಿ ತೆರೆದು ಕೂತಿದ್ದ.

"ಸಾರ್, ನೀವು ಓದಿದೋರು. ಬಾಗಿಲ ಪಕ್ಕ ಸಲ್ಯೂಷನ್ ಇಡಬಾರದು ಅಂತ ನಿಮಗೆ ಗೊತ್ತಿಲ್ವಾ?"

ಅವನು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದ. "ಗೊತ್ತಿಲ್ದೆ ಏನಮ್ಮ. ನಾನು ಮೊದಲು ಬರೆದಿದ್ದ ನಕ್ಷೇಲಿ ಅದು ಅಂಗಳದ ಆ ಮೂಲೇಲಿತ್ತು. ಒಂಟಿ ಕೋಣೆ, ಎತ್ತರದಲ್ಲಿ ಗಾಳಿಕಿಂಡಿ, ಸ್ವಿಚ್ಚು ಹೊರಗಡೆ. ಹಜಾರಕ್ಕೆ ಹಿಂದೆ ಇನ್ನೊಂದು ಬಾಗಿಲೂ ಇತ್ತು."

"ಮತ್ತೆ ಏನಾಯ್ತು?"

"ಆ ಮೂಲೇಲಿ ಯಜಮಾನರ ಕಾರಿಗೆ ನೆರಳು ಬೇಕಂತೆ. ಹಿಂದೆ ಬಾಗಿಲು ಇಟ್ರೆ ಅದು ಅವರ ಮನೆ ಹುಲ್ಲುಹಾಸಿಗೆ ತೆರೆಯುತ್ತಂತೆ. ಕೂಲಿಯೋರು ಅಲ್ಲಿ ಓಡಾಡೋದು ಬೇಡ ಅಂದ್ರು."

"ನೀವು ಒಪ್ಕೊಂಡ್ರಾ?"

"ನಾನು ಒಪ್ಪದಿದ್ರೆ ನಾಳೆ ಇನ್ನೊಬ್ಬ ಬಂದು ಒಪ್ತಾನೆ." ಅವನು ಡಬ್ಬಿಯ ಮುಚ್ಚಳ ಹಾಕಿದ. "ಹೇಳಿದೆನಮ್ಮ. ಒಂದ್ಸಲ ಅಲ್ಲ, ಹಲವು ಸಲ ಹೇಳಿದೆ. ನಕ್ಷೆ ಬರೆಯೋವಾಗ ತಿದ್ದೋಕೆ ಒಂದು ರಬ್ಬರು ಸಾಕು ಅಂದೆ. ಅವರು ಏನಂದ್ರು ಗೊತ್ತಾ? ಹಾಗಾದ್ರೆ ಒಂದು ರಬ್ಬರು ತಗೊಂಡು ತಿದ್ದು ಅಂತ ಅವರೇ ಕೂತು ತಿದ್ದಿಸಿದ್ರು, ಈ ಕಡೆಗೆ."

ಸಿಡುಕಕ್ಕನಿಗೆ ಅವನನ್ನು ಬೈಯಬೇಕೆನಿಸಿತು. ಅವನಿಗೆ ಗೊತ್ತಿಲ್ಲದಿದ್ದರೆ ತಿಳಿಹೇಳಬಹುದಿತ್ತು. ಎಲ್ಲ ಗೊತ್ತಿದ್ದೂ ಊಟ ಮಾಡುತ್ತಾ ಕೂತವನಿಗೆ ಏನು ಹೇಳುವುದು?

"ಸಾರ್, ಒಂದು ಕೇಳ್ತೀನಿ. ನಿಮ್ಮ ಹೆಂಡ್ತಿ ಆ ಹಜಾರದಲ್ಲಿ ಕೂತು ಹೊಲಿಯೋಳಾಗಿದ್ರೆ?"

ಅವನು ತಲೆ ತಗ್ಗಿಸಿ ಕೈ ತೊಳೆಯಲು ಎದ್ದುಹೋದ.

*

ಮಾರನೆಯ ದಿನ ಅವಳು ರಜೆ ಹಾಕಿ ಸರ್ಕಾರದ ಕಾರ್ಖಾನೆ ಸುರಕ್ಷತಾ ಕಚೇರಿಗೆ ಹೋದಳು. ಜೊತೆಗೆ ತಂಗಿಯ ಮಗಳಿದ್ದಳು. ಬೆಳೆದು ನಿಂತ ಹುಡುಗಿ, ಅಮ್ಮ ಹೋದ ಮೇಲೆ ದೊಡ್ಡಮ್ಮನ ಮನೆಯಲ್ಲೇ ಇದ್ದಳು. ಹೊಸ ಕಟ್ಟಡವಾದ ದಿನವೇ ಅವಳಿಗೂ ಕೆಲಸ ಕೊಡುತ್ತೇನೆಂದು ಯಜಮಾನ ಮಾತು ಕೊಟ್ಟಿದ್ದ. ಸತ್ತವರ ಮನೆಯವರಿಗೆ ತಾನು ಮಾಡುವ ಉಪಕಾರವೆಂದು ಊರೆಲ್ಲ ಹೇಳಿಕೊಂಡೂ ಬಂದಿದ್ದ. ಹೊಸಬರನ್ನು ಕೂರಿಸುವುದು ಅಂಟಿನ ಮೇಜಿಗೆ. ಅಂಟಿನ ಮೇಜು ಇರುವುದು ಸಲ್ಯೂಷನ್ ಕೋಣೆಯ ಬಾಯಲ್ಲಿ. ಸಿಡುಕಕ್ಕನಿಗೆ ರಾತ್ರಿ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು.

ಅಧಿಕಾರಿಯ ಮುಂದೆ ಎರಡು ಕುರ್ಚಿಗಳಿದ್ದವು, ಮೆತ್ತೆ ಹಾಕಿದವು. ಹುಡುಗಿ ಕೂರಲು ಹೋದಳು.

"ಏಯ್ ಏಯ್, ಅದು ಬಂದೋರಿಗೆ," ಎಂದ ಅಧಿಕಾರಿ.

"ನಾವೂ ಬಂದೋರೇ ಅಲ್ವಾ?" ಎಂದಳು ಸಿಡುಕಕ್ಕ.

"ನಿಂತ್ಕೊಂಡೇ ಹೇಳಿ. ಏನು ಅಂಟು ವಾಸನೆ ಇದು, ಥೂ." ಅವನು ಕಿಟಕಿ ತೆರೆಸಿದ. ಆ ಮೆತ್ತೆಗಳನ್ನು ಹೊಲಿದದ್ದು ತಮ್ಮ ಕಾರ್ಖಾನೆಯಲ್ಲೇ ಎಂದು ಹೇಳಬೇಕೆಂದು ಬಾಯಿ ತುದಿಗೆ ಬಂದದ್ದನ್ನು ಸಿಡುಕಕ್ಕ ನುಂಗಿಕೊಂಡಳು. ಬಂದ ಕೆಲಸ ಕೆಡುವುದು ಬೇಡ.

ಆದಷ್ಟು ಮೆತ್ತಗೆ, ಒಂದೊಂದಾಗಿ ಹೇಳಿದಳು. ಗೆರೆ ಎಲ್ಲಿ ಬಿದ್ದಿದೆ, ಬಾಗಿಲೆಲ್ಲಿ, ಕೋಣೆಯೆಲ್ಲಿ. ಅಧಿಕಾರಿ ಪೆನ್ನಿನಲ್ಲಿ ಕಿವಿ ತುರಿಸಿಕೊಳ್ಳುತ್ತಾ ಕೇಳಿದ.

"ಕಟ್ಟಡ ಎಲ್ಲಿದೆ?"

"ಇನ್ನೂ ಕಟ್ಟಿಲ್ಲ ಸ್ವಾಮಿ. ಪಾಯ ಅಗೀತಿದಾರೆ."

"ಕಟ್ಟೇ ಇಲ್ಲ ಅಂದ್ಮೇಲೆ ನಾನು ಬಂದು ಏನನ್ನಮ್ಮ ನೋಡ್ಲಿ? ಇಲ್ಲದ ಕಟ್ಟಡಕ್ಕೆ ಇಲ್ಲದ ಬೆಂಕಿ ಬೀಳುತ್ತೆ ಅಂತ ದೂರು ಕೊಡ್ತೀಯಲ್ಲ. ಕಟ್ಟಿ ಮುಗೀಲಿ, ಆಮೇಲೆ ಬಾ."

"ಸ್ವಾಮಿ, ಎರಡು ವರ್ಷದ ಹಿಂದೆ ಇದೇ ಕೋಣೆಗೆ ಬಂದಿದ್ದೆ. ಹಳೇ ಶೆಡ್ಡಿನ ವಿಷಯಕ್ಕೆ. ನೀವೇ ಕೂತಿದ್ರಿ."

"ಅದಕ್ಕೆ?"

"ಆಗ ಏನಂದ್ರಿ ಗೊತ್ತಾ? ಕಟ್ಟಿ ಆಗೋಗಿದೆಯಲ್ಲಮ್ಮ, ಈಗೇನು ಒಡೆಯೋಕಾಗುತ್ತಾ, ಮೊದಲೇ ಬರಬೇಕಿತ್ತು ಅಂದ್ರಿ. ಈಗ ಮೊದಲೇ ಬಂದಿದೀನಿ. ಆಮೇಲೆ ಬಾ ಅಂತೀರ. ಹಾಗಾದ್ರೆ ಬರಬೇಕಾದ್ದು ಯಾವಾಗ ಸ್ವಾಮಿ? ಅದನ್ನಾದ್ರೂ ಹೇಳಿ, ಆ ಹೊತ್ತಿಗೇ ಬರ್ತೀನಿ."

ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಕಿಸಕ್ಕನೆ ನಕ್ಕುಬಿಟ್ಟ. ಅಧಿಕಾರಿಯ ಕಿವಿ ಕೆಂಪಾಯಿತು.

"ಏನೇ, ನಾಲಿಗೆ ಉದ್ದ ಬಿಡ್ತೀಯ? ಸತ್ತವರ ಹೆಸರಲ್ಲಿ ಪರಿಹಾರ ತಿಂದಾಯ್ತು, ಈಗ ಬದುಕಿರೋರ ಹೆಸರಲ್ಲೂ ತಿನ್ನೋಕೆ ಬಂದಿದೀಯಾ? ನಡೀ ಆಚೆ. ನಿಮ್ಮ ಯಜಮಾನರಿಗೆ ಒಂದು ಫೋನ್ ಹೊಡೆದ್ರೆ ನಿನ್ನ ಕೆಲಸಾನೂ ಇರಲ್ಲ, ಈ ಹುಡುಗೀದೂ ಇರಲ್ಲ."

ಹುಡುಗಿ ದೊಡ್ಡಮ್ಮನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮೆಟ್ಟಿಲ ಮೇಲೆ ಸಿಡುಕಕ್ಕ ಗಕ್ಕನೆ ನಿಂತಳು. "ತಿಂದೆನಂತೆ. ನನ್ನ ತಂಗೀನ ತಿಂದೆನಂತೆ ಕಣೇ ನಾನು," ಎಂದಳು.

*

ಸಂಜೆ ಮನೆಯಲ್ಲಿ ಒಲೆ ಮುಂದೆ ಕೂತಾಗ ಹುಡುಗಿಯೇ ಜಗಳ ತೆಗೆದಳು.

"ಸಾಕು ದೊಡ್ಡಮ್ಮ. ಇರೋ ಕೆಲಸಾನೂ ಕಳೆದು ಹಾಕ್ಬೇಡ. ನಾನು ಎಷ್ಟು ದಿನ ನಿನ್ನ ತಲೆ ಮೇಲೆ ಕೂತು ತಿನ್ನಲಿ? ಎಲ್ಲೋ ಒಂದು ಕಡೆ ದುಡೀಬೇಕಲ್ಲ."

"ಬೇರೆ ಎಲ್ಲಾದ್ರೂ ನೋಡೋಣ."

"ಬೇರೆ ಎಲ್ಲಿ? ಇಟ್ಟಿಗೆ ಗೂಡಲ್ಲಾ? ಅಲ್ಲಿ ಬಾಗಿಲೇ ಇಲ್ಲ, ಅದಕ್ಕೆ ಸಾಯಲ್ವಾ ಜನ? ಎಲ್ಲಿ ಹೋದ್ರೂ ಒಂದೇ. ಅಮ್ಮನ ಹಣೇಲಿ ಬರೆದಿತ್ತು, ಹೋದ್ಲು. ಹೊಗೆ ಕುಡಿದು ಅಲ್ಲೇ ಬಿದ್ದೋದ್ಲು, ನೋವೇ ಗೊತ್ತಾಗಿರಲ್ಲ ಅಂತ ನೀನೇ ಹೇಳಿದ್ದಲ್ವಾ?"

ಸಿಡುಕಕ್ಕ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು. ಹುಡುಗಿಗೆ ಹಾಗೆ ಹೇಳಿದ್ದು ನಿಜ. ಆಗಷ್ಟೇ ಅಮ್ಮನನ್ನು ಕಳೆದುಕೊಂಡವಳಿಗೆ ಇನ್ನೇನು ಹೇಳಬೇಕಿತ್ತು?

"ನಿಮ್ಮಮ್ಮ ಬಿದ್ದೋಗ್ಲಿಲ್ಲ ಮಗಾ. ನಿಂತಿದ್ಲು."

"ಎಲ್ಲಿ?"

"ಸಾಲಲ್ಲಿ."

ಹುಡುಗಿಗೆ ಅರ್ಥವಾಗಲಿಲ್ಲ. ಸಿಡುಕಕ್ಕ ಹೇಳಿದಳು. ಹಳೆಯ ಶೆಡ್ಡಿನ ಬಾಗಿಲಲ್ಲಿ ದಿನಾ ಸಂಜೆ ತಪಾಸಣೆ. ಒಂದು ತುಂಡು ಬಟ್ಟೆ, ಒಂದು ಉಂಡೆ ದಾರ ಯಾರೂ ಕದ್ದು ಒಯ್ಯಬಾರದು. ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು, ಎರಡೂ ಕೈ ಮೇಲೆತ್ತಬೇಕು. ಬಾಗಿಲಲ್ಲಿ ನಿಂತ ಹೆಂಗಸು ಮೈಯೆಲ್ಲ ತಡವಿ ನೋಡಿ ಬೆನ್ನಿಗೆ ಒಂದು ಏಟು ಕೊಟ್ಟರೆ ಆಚೆ ಹೋಗಬೇಕು. ಅವಳಿಗೆ ತಡವಮ್ಮ ಎಂದೇ ಹೆಸರು. ಸಾಲು ಮುರಿದವಳಿಗೆ ಮಾರನೆಯ ದಿನ ಕೆಲಸವಿಲ್ಲ. ವರ್ಷಗಟ್ಟಲೆ ಹೀಗೆ.

"ಬೆಂಕಿ ಅಂತ ಕೂಗಿದಾಗ ಎಲ್ಲರೂ ಎದ್ದು ಬಾಗಿಲಿಗೆ ಓಡಿದ್ವಿ. ಅಲ್ಲಿ ತಡವಮ್ಮ ನಿಂತಿದ್ಲು. ಅವಳಿಗೂ ಏನೂ ತೋಚಿರಲಿಲ್ಲ. ಅವಳನ್ನ ಕಂಡಿದ್ದೇ ತಡ, ಕಾಲು ತಾನಾಗೇ ನಿಂತುಬಿಡ್ತು ಕಣೇ. ಸಾಲು ನಿಂತ್ವಿ. ಕೈ ಎತ್ತಿದ್ವಿ. ಹೊಗೇಲಿ, ಕೆಮ್ಮುತ್ತಾ, ಕೈ ಎತ್ತಿ ನಿಂತ್ವಿ. ಅವಳೂ ತಡವಿದ್ಲು. ನಾನು ಮುಂದಿದ್ದೆ, ನನ್ನ ಬೆನ್ನಿಗೆ ಏಟು ಬಿತ್ತು, ಆಚೆ ಬಂದೆ. ನಿಮ್ಮಮ್ಮ ಹಿಂದಿದ್ಲು. ಅಷ್ಟೊತ್ತಿಗೆ ಪಕ್ಕದ ಕೋಣೇಲಿ ಪೀಪಾಯಿ ಒಡೀತು."

ಹುಡುಗಿ ಒಲೆಯ ಹತ್ತಿರಕ್ಕೆ ಸರಿದು ಕೂತಳು.

"ಜನ ಏನಂದ್ರು ಗೊತ್ತಾ? ಎಂಥ ದಡ್ಡ ಹೆಂಗಸರಪ್ಪ, ನುಗ್ಗಿ ಬರೋದು ಬಿಟ್ಟು ಸಾಲು ನಿಂತಿದ್ರಂತೆ ಅಂತ. ಹೌದು, ದಡ್ಡರೇ. ನಮ್ಮನ್ನ ಹಂಗೆ ಪಳಗಿಸಿದ್ರು. ಈಗ ನೋಡು, ಅದೇ ಬಾಗಿಲು, ಅದೇ ಕೋಣೆ, ತಡವೋಳೂ ಅವಳೇ. ನಾಳೆ ನೀನು ನಿಲ್ತೀಯ ಅದೇ ಸಾಲಲ್ಲಿ. ನನಗೆ ಹೊಟ್ಟೆ ಉರಿಯುತ್ತೆ ಕಣೇ. ನಿನ್ನೂ ಸುಟ್ಕೊಂಡು ನಾನು ಯಾರಿಗೋಸ್ಕರ ಬದುಕಲಿ?"

ಒಲೆಯ ಮೇಲಿನ ಗಂಜಿ ಉಕ್ಕಿ ಕೆಂಡದ ಮೇಲೆ ಚೊರ್ರೆಂದಿತು. ಹುಡುಗಿ ಎದ್ದು ಪಾತ್ರೆ ಇಳಿಸಿದಳು. ಆ ಸಂಜೆ ಅವಳು ಊಟ ಮಾಡಲಿಲ್ಲ.

*

ಪಾಯಕ್ಕೆ ಕಾಂಕ್ರೀಟು ಹಾಕುವ ದಿನ ಯಜಮಾನ ದೊಡ್ಡ ಮನುಷ್ಯರನ್ನೆಲ್ಲ ಕರೆದಿದ್ದ. ನೆರಳಿಗೆ ಬಟ್ಟೆ ಕಟ್ಟಿ ಕುರ್ಚಿ ಹಾಕಿಸಿದ್ದ. ಸುರಕ್ಷತಾ ಕಚೇರಿಯ ಅಧಿಕಾರಿಯೂ ಬಂದು ಮೊದಲ ಸಾಲಿನಲ್ಲೇ ತಂಪು ಪಾನೀಯ ಹೀರುತ್ತಾ ಕೂತಿದ್ದ. ಹೆಂಗಸರಿಗೆಲ್ಲ ಶುಭ್ರ ಬಟ್ಟೆ ಉಟ್ಟು ಬಂದು ಚಪ್ಪಾಳೆ ತಟ್ಟಬೇಕೆಂದು ಆಜ್ಞೆಯಾಗಿತ್ತು. ಚಪ್ಪಾಳೆ ಮುಗಿದ ಮೇಲೆ ಹೊಲಿಗೆಗೆ ಕೂರಬೇಕಿದ್ದರಿಂದ ಸೂಜಿ ದಾರಗಳೂ ಅವರ ಹತ್ತಿರವೇ ಇದ್ದವು.

ಮೊದಲು ಸುರಿಯಬೇಕಾದದ್ದು ಗೇಟಿಗೆ ಹತ್ತಿರದ ಸಲ್ಯೂಷನ್ ಕೋಣೆಯ ಪಾಯಕ್ಕೆ. ಸೊಂಟದ ಮಟ್ಟದ ಆಳದ ಗುಂಡಿ, ಒಳಗೆ ಕಬ್ಬಿಣದ ಕಂಬಿಗಳ ಪಂಜರ. ಕಾಂಕ್ರೀಟಿನ ಲಾರಿ ಬಂದು ಹಿಮ್ಮುಖವಾಗಿ ನಿಂತಿತು. ಬೆನ್ನ ಮೇಲಿನ ಡ್ರಮ್ಮು ಗರಗರನೆ ತಿರುಗುತ್ತಿತ್ತು. ಚಾಲಕ ಇಳಿದು ಕಾಂಕ್ರೀಟು ಜಾರಿಬೀಳುವ ತಗಡಿನ ದೋಣಿಯನ್ನು ಗುಂಡಿಯ ಕಡೆ ತಿರುಗಿಸಿದ.

"ಒಂದೇ ಒಂದು ಮಾತು ಯಜಮಾನ್ರೇ," ಎಂದಳು ಸಿಡುಕಕ್ಕ.

"ಮತ್ತೆ ಶುರು ಮಾಡಿದ್ಲು ಹಡಬೆ." ಯಜಮಾನ ಅತಿಥಿಗಳಿಗೆ ಕೇಳಿಸದ ಹಾಗೆ ಹಲ್ಲಿನ ಸಂದಿಯಿಂದ ಹೇಳಿದ. "ಹಿಂದೆ ಹೋಗು."

ಅವಳು ಹಿಂದೆ ಹೋಗಲಿಲ್ಲ. ಮುಂದೆ ಹೋದಳು. ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಒಳಗೆ ಜಾರಿದಳು. ಕಂಬಿಗಳ ನಡುವೆ ನಿಂತುಕೊಂಡಳು. ಎರಡೂ ಕೈಯಲ್ಲಿ ಕಂಬಿ ಹಿಡಿದಳು.

"ಸುರೀರಿ ಈಗ. ಈ ಕೋಣೆ ಇಲ್ಲೇ ಎದ್ರೆ ಹೇಗಿದ್ರೂ ಸಾಯೋರು ನಾವೇ. ಆಮೇಲೆ ಯಾಕೆ, ಈಗಲೇ ಆಗೋಗ್ಲಿ."

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಯಜಮಾನ ಕಾವಲುಗಾರನಿಗೆ ಸನ್ನೆ ಮಾಡಿದ. ಅವನು ಇಳಿಯುವಷ್ಟರಲ್ಲಿ ಸಿಡುಕಕ್ಕ ಗೇಣುದ್ದದ ಹಾಸಿಗೆ ಸೂಜಿ ತೆಗೆದು ತನ್ನ ಉಡುಪಿನ ಅಂಚನ್ನು ಕಂಬಿಗೆ ಸುತ್ತಿ ಹೊಲಿಯತೊಡಗಿದ್ದಳು. ಹಾಸಿಗೆಯ ಮೂಲೆಗೆ ಹಾಕುವ ಹೊಲಿಗೆ ಅದು, ಎಳೆದಷ್ಟೂ ಬಿಗಿಯುತ್ತದೆ. ಕಾವಲುಗಾರ ತೋಳು ಹಿಡಿದು ಜಗ್ಗಿದ. ಬಟ್ಟೆ ಪರ್ರೆಂದಿತು. ಅವನು ಕೈ ಬಿಟ್ಟ.

"ಎಳೆದ್ರೆ ಬಟ್ಟೆ ಹರಿದು ಬರುತ್ತೆ ಯಜಮಾನ್ರೇ. ಇಷ್ಟು ಜನರ ಮುಂದೆ, ಹೆಂಗಸು."

"ಕತ್ತರಿಸು, ಬೇವಕೂಫ. ಕತ್ತರಿ ತಗೊಂಬಾ."

ಕತ್ತರಿಗಳೆಲ್ಲ ತಗಡಿನ ಚಪ್ಪರದ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಬೀಗದ ಕೈ ತಡವಮ್ಮನ ಸೊಂಟದಲ್ಲಿತ್ತು. ಕಾವಲುಗಾರ ಓಡಿದ, ಬರಿಗೈಯಲ್ಲಿ ವಾಪಸು ಬಂದ. "ಕೊಡಲ್ಲ ಅಂತಾಳೆ. ಕತ್ತರಿ ಆಚೆ ಬಿಡಬಾರದು ಅಂತ ನಿಮ್ಮದೇ ಆರ್ಡರಂತೆ."

ಯಾರೋ ಅತಿಥಿ ನಕ್ಕರು. ಆ ನಗುವಿನ ನಡುವೆ, ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಗುಂಡಿಗೆ ಇಳಿದಳು. ಹಿಂದೆಯೇ ಇನ್ನೊಬ್ಬಳು. ಎಲ್ಲರೂ ಇಳಿಯಲಿಲ್ಲ. ಅರ್ಧಕ್ಕೂ ಹೆಚ್ಚು ಹೆಂಗಸರು ಚಪ್ಪಾಳೆಗೆಂದು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನೆಲ ನೋಡುತ್ತಾ ನಿಂತಿದ್ದರು. ಸಿಡುಕಕ್ಕನಿಗೆ ಅವರ ಮೇಲೂ ಸಿಟ್ಟು ಬಂತು. ಮರುಕ್ಷಣ ಪಾಪ ಅನಿಸಿತು.

ಇಂಜಿನಿಯರ್ ನಕ್ಷೆಯ ಸುರುಳಿ ಹಿಡಿದು ಯಜಮಾನನ ಪಕ್ಕಕ್ಕೆ ಬಂದ. "ಸಾರ್, ಇವತ್ತು ನಿಲ್ಲಿಸೋಣ. ಆ ಕೋಣೆ ಒಂದನ್ನ ಆ ಮೂಲೆಗೆ ಹಾಕಿದ್ರೆ ಆಯ್ತು. ಹಳೇ ನಕ್ಷೆ ನನ್ನ ಹತ್ರ ಇದೆ."

"ನಿನ್ನ ನಕ್ಷೇನ ಮಡಚಿ ಇಟ್ಕೋ." ಯಜಮಾನನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅವನ ಕಣ್ಣು ಸಿಡುಕಕ್ಕನ ಜೊತೆ ಬಂದು ಹೆಂಗಸರ ಹಿಂದೆ ನಿಂತಿದ್ದ ಅವಳ ತಂಗಿಯ ಮಗಳ ಮೇಲೆ ಬಿತ್ತು. ದನಿ ಸಿಹಿಯಾಯಿತು. "ಬಾಮ್ಮ ಇಲ್ಲಿ. ನಿಮ್ಮ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ. ನೀನು ತಿಳಿದೋಳು. ಹೋಗಿ ಮೇಲೆ ಕರೆದುಕೊಂಡು ಬಾ. ನಾಳೆಯಿಂದಲೇ ಕೆಲಸಕ್ಕೆ ಬಂದ್ಬಿಡು, ಕಟ್ಟಡ ಆಗೋವರೆಗೆ ಕಾಯ್ಬೇಡ."

ಹುಡುಗಿ ಅವನ ಮುಖವನ್ನೇ ನೋಡಿದಳು. "ಎಲ್ಲಿ ಕೂರಿಸ್ತೀರ?"

"ಅಂಟಿನ ಮೇಜಿಗೆ. ಹಗುರದ ಕೆಲಸ."

ಅವಳು ಗುಂಡಿಯ ಅಂಚಿಗೆ ಬಂದಳು. ಇವಳು ಕೈ ಚಾಚಿ ಬಾ ದೊಡ್ಡಮ್ಮ ಎಂದುಬಿಟ್ಟರೆ ತಾನು ಹತ್ತಿ ಹೋಗಿಬಿಡುತ್ತೇನೆ ಎಂದು ಸಿಡುಕಕ್ಕನಿಗೆ ಆ ಗಳಿಗೆಯಲ್ಲಿ ಖಾತ್ರಿಯಾಗಿತ್ತು.

ಹುಡುಗಿ ಚಪ್ಪಲಿ ಕಳಚಿಟ್ಟು ಗುಂಡಿಗೆ ಇಳಿದಳು.

"ನೀನು ಬೇಡ ಕಣೇ. ಮೇಲೆ ಹೋಗು."

"ಯಾಕೆ ಬೇಡ? ಸಾಯೋ ಜಾಗ ನಂದು ತಾನೆ, ನಾನೂ ನೋಡ್ಕೋಬೇಕಲ್ಲ. ಹೊಲಿ."

ಲಾರಿಯ ಚಾಲಕ ಬೆವರು ಒರೆಸಿಕೊಂಡ. "ಸಾಹೇಬ್ರೇ, ಏನಾದ್ರೂ ಒಂದು ಹೇಳಿ. ಇದು ಕಾಯೋ ಮಾಲಲ್ಲ. ಹೊತ್ತಾದ್ರೆ ಡ್ರಮ್ಮಲ್ಲೇ ಕಲ್ಲಾಗುತ್ತೆ."

"ಸುರಿ."

"ಹೆಂಗಸರ ಮೇಲಾ?"

"ಎದ್ದು ಬರ್ತಾರೆ ಸುರಿ. ಒಂದು ಬುಟ್ಟಿ ಬಿದ್ರೆ ಎಲ್ಲ ಎದ್ದು ಓಡ್ತಾರೆ, ನನಗೆ ಗೊತ್ತಿಲ್ವಾ ಈ ಜಾತಿ."

ಚಾಲಕ ಕೈ ಕಟ್ಟಿಕೊಂಡು ಹಿಂದೆ ಸರಿದ. "ನನ್ನ ಕೈಲಾಗಲ್ಲ ಸಾಹೇಬ್ರೇ. ನನಗೂ ಅಕ್ಕ ತಂಗಿ ಅವ್ರೆ."

ಯಜಮಾನ ಕೊಡೆಯ ನೆರಳು ಬಿಟ್ಟು ತಾನೇ ಲಾರಿಯ ಹಿಂಬದಿಗೆ ನಡೆದ. ಅತಿಥಿಗಳಲ್ಲಿ ಕೆಲವರು ಎದ್ದು ನಿಂತರು. ಸುರಕ್ಷತಾ ಅಧಿಕಾರಿ ಗ್ಲಾಸು ಕೆಳಗಿಟ್ಟು, ಯಾರದೋ ಫೋನು ಬಂದವನ ಹಾಗೆ ಗೇಟಿನ ಕಡೆ ಹೆಜ್ಜೆ ಹಾಕಿದ. ಇಂಜಿನಿಯರ್ "ಸಾರ್, ಬೇಡಿ ಸಾರ್" ಎನ್ನುತ್ತಲೇ ಇದ್ದ. ಆದರೆ ನಿಂತಲ್ಲಿಂದ ಕದಲಲಿಲ್ಲ.

ಯಜಮಾನ ಹಿಡಿಕೆ ಎಳೆದ.

ಮೊದಲು ನೀರು ಬಂತು. ಆಮೇಲೆ ಜಲ್ಲಿಕಲ್ಲಿನ ಸದ್ದಿನೊಂದಿಗೆ ಬೂದು ಬಣ್ಣದ ರಾಡಿ ದೋಣಿಯಿಂದ ಜಾರಿ ಗುಂಡಿಯ ಆ ತುದಿಗೆ ಬಿತ್ತು. ಬಿದ್ದು ಗುಡ್ಡೆಯಾಯಿತು, ಗುಡ್ಡೆ ಕುಸಿದು ಕಂಬಿಗಳ ನಡುವೆ ನಿಧಾನವಾಗಿ ಈ ಕಡೆ ಹರಿಯತೊಡಗಿತು. ಒಬ್ಬಳು ಹೆಂಗಸು ಅಳತೊಡಗಿದಳು. ಇನ್ನೊಬ್ಬಳು ಯಜಮಾನನ ವಂಶವನ್ನೆಲ್ಲ ಹಿಡಿದು ಬೈಯತೊಡಗಿದಳು. ಎದ್ದು ಓಡಿದವಳು ಒಬ್ಬಳೂ ಇಲ್ಲ.

ರಾಡಿ ಬಂದು ಹುಡುಗಿಯ ಬರಿಗಾಲು ಮುಟ್ಟಿತು. ಅವಳು ಒಮ್ಮೆ ಬೆಚ್ಚಿ ದೊಡ್ಡಮ್ಮನ ಭುಜ ಹಿಡಿದಳು. ಬೆರಳುಗಳು ಮುಳುಗಿದವು, ಪಾದ ಮುಳುಗಿತು. ಹಿಡಿಕೆಯ ಮೇಲಿಂದ ಯಜಮಾನನ ಕೈ ಇನ್ನೂ ಎದ್ದಿರಲಿಲ್ಲ.

ಸಿಡುಕಕ್ಕ ಬಗ್ಗಿ, ರಾಡಿಗೆ ತಾಗದ ಹಾಗೆ ಹುಡುಗಿಯ ಬಟ್ಟೆಯ ಅಂಚನ್ನು ಮೇಲೆತ್ತಿ ಕಂಬಿಗೆ ಒತ್ತಿ ಹಿಡಿದು, ಸೂಜಿ ಚುಚ್ಚಿದಳು.